ಒಂದು ಸಲ ಕರೆದವಳು

೨೧ ಸೆಪ್ಟೆಂಬರ್ ೨೦೦೯, ಸೋಮವಾರ

ಈ ವರ್ಷ ರಂಜಾನಕ್ಕೆ ಹಾಲು-ಶಾವಿಗೆಯ ಸುರಕುಂಬಾ ಬರಲಿಲ್ಲ. ಬರಲಿ ಅಂತ ನಾನೇನು ಬಾಯಿ ತೆರೆದುಕೊಂಡು ಕೂತಿರಲಿಲ್ಲ. ಅತ್ತೆ ಮಾತ್ರ ಬೆಳಗಿನಿಂದ ಹಿತ್ತಲಿಗೆ ಹೋಗಿ ಹೋಗಿ ಹಳ್ಳದ ಆಚೆ ನೋಡಿದರು. ಕಡೆಗೆ ತಡೆಯಲಾರದೆ ಕೇಳಿಯೇ ಬಿಟ್ಟರು.

"ಯಾಕವಾ ಪ್ರೇಮವ್ವ, ಈ ಸಲ ಬಿಸ್ಮಿಲ್ಲಾ ಡಬ್ಬಿ ಕಳಸಲೇ ಇಲ್ಲಲ್ಲ?"

"ನಿಮಗ ಸಕ್ಕರಿ ಬ್ಯಾನಿ ಐತಿ ಅಂತ ಆಕಿಗೆ ಗೊತ್ತಾಗಿರಬೇಕು ಬಿಡ್ರಿ," ಎಂದೆ.

ನಿಜವಾದ ಕಾರಣ ಅವರಿಗೂ ಗೊತ್ತು. ಆಚೆ ದಂಡೆಯವಳಿಗೂ ನನಗೂ ಶ್ರಾವಣದಿಂದ ಮಾತಿಲ್ಲ. ಅವಳ ಆಡುಗಳು ಹಳ್ಳ ದಾಟಿ ಬಂದು ನನ್ನ ಮೆಣಸಿನ ಸಸಿಯ ಮಡಿಯನ್ನು ನೆಲಮಟ್ಟ ಮೇಯ್ದು ಹೋದವು. ಒಂದು ದಿನವಲ್ಲ, ಎರಡು ದಿನವಲ್ಲ. ಎಷ್ಟು ಸಲ ಹೇಳುವುದು? ಒಂದನ್ನು ಹಿಡಿದು ಪಂಚಾಯತಿ ದೊಡ್ಡಿಗೆ ಹಾಕಿಸಿದೆ. ಅದು ಗಬ್ಬದ ಆಡಂತೆ, ದೊಡ್ಡಿಯಲ್ಲಿ ದಿನ ತುಂಬುವ ಮೊದಲೇ ಕಂದು ಹಾಕಿತಂತೆ. ಅದಕ್ಕೆ ನಾನೇನು ಮಾಡಲಿ? ಅವಳು ನಮ್ಮ ಮನೆಗೆ ಅಂಟಿದ ಹಿಟ್ಟಿನ ಗಿರಣಿ ಬಾಗಿಲಿಗೆ ಬಂದು, ಜೋಳ ಬೀಸಿಸಲು ನಿಂತಿದ್ದ ಹೆಂಗಸರೆಲ್ಲರ ಎದುರು ನನಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮತ್ತೆ ಓದಬೇಕಾಗುತ್ತದೆ.

ಅವತ್ತೇ ಇವರಿಗೆ ಹೇಳಿ ಹಳ್ಳದ ಮೇಲಿನ ಕಂಬ ತೆಗೆಸಿದೆ. ಇವರು ಎಂದರೆ ನನ್ನ ಗಂಡ ಹಾಲೇಶಪ್ಪ. ಬಾಯಲ್ಲಿ ಹೇಳಬಾರದ ಹೆಸರನ್ನು ಬರೆಯಬಹುದಲ್ಲ. ಹಳೆಯ ಸಿಮೆಂಟಿನ ಲೈಟಿನ ಕಂಬ ಅದು. ಹಳ್ಳಕ್ಕೆ ಅಡ್ಡ ಹಾಕಿಕೊಂಡು ಎರಡೂ ಮನೆಯವರು ಅದರ ಮೇಲೆಯೇ ದಾಟುತ್ತಿದ್ದೆವು. ಇವರು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಈಚೆಗೆ ಎಳೆದು ಹಾಕಿದರು. ಈಗ ಆಡೂ ಬರುವುದಿಲ್ಲ, ಆಡಿನವಳೂ ಬರುವುದಿಲ್ಲ. ಬರಬೇಕೆಂದರೆ ಕೆಳಗೆ ಕಾಗಿನೆಲೆ ರಸ್ತೆಯ ಸೇತುವೆ ಸುತ್ತಿಕೊಂಡು ಬರಬೇಕು. ನೆಮ್ಮದಿ.

ದಿನವೆಲ್ಲ ಗಿರಣಿ ಸದ್ದಿನ ಮೇಲೆ ಕಿರುಚಿ ಕಿರುಚಿ ಗಂಟಲು ಹೋಗಿರುತ್ತದೆ. ಇಲ್ಲಿ ಕಿರುಚಬೇಕಾಗಿಲ್ಲ ಅಂತಲೇ ಬರೆಯುವುದು.

೨೮ ಸೆಪ್ಟೆಂಬರ್, ಸೋಮವಾರ

ಬನ್ನಿ ಹಬ್ಬ. ವರ್ಷವಿಡೀ ಕಚ್ಚಾಡಿದವರೂ ಇವತ್ತು ಬನ್ನಿ ಎಲೆ ಕೊಟ್ಟು, ಕಾಲು ಮುಟ್ಟಿ, ಮಾತು ಸುರು ಮಾಡುತ್ತಾರೆ. ಸಂಜೆ ಮಗಳು ಶ್ವೇತಾ ಕೈಯಲ್ಲಿ ಎಲೆ ಹಿಡಿದು ನನ್ನ ಸುತ್ತ ಸುಳಿದಾಡಿದಳು. ಪಿಯುಸಿ ಓದುತ್ತಿದ್ದಾಳೆ, ಇನ್ನೂ ಕೇಳಬೇಕಾದದ್ದನ್ನು ನೇರ ಕೇಳಲು ಬರುವುದಿಲ್ಲ.

"ಅವ್ವಾ, ಬಿಸ್ಮಿಲ್ಲಾ ಕಾಕುಗ ಬನ್ನಿ ಕೊಟ್ಟ ಬರ್ಲೇನ?"

"ಯಾರ ಬ್ಯಾಡಂದಾರ? ಹೋಗು. ನನ್ನ ಹೆಸರ ಹೇಳಬ್ಯಾಡ ಅಷ್ಟ."

ಸೇತುವೆ ಸುತ್ತಿ ಹೋಗಿ, ಹನಿ ಬೀಳುವ ಹೊತ್ತಿಗೆ ಬಂದಳು. ಏನಂದಳು ಎಂದು ನಾನು ಕೇಳಲಿಲ್ಲ. ಅತ್ತೆ ಕೇಳಿದರು. ಏನೂ ಅನ್ನಲಿಲ್ಲವಂತೆ, ಚಹಾ ಕೊಟ್ಟಳಂತೆ. ಅಷ್ಟಕ್ಕೆ ಅಷ್ಟು ದೂರ ನಡೆಯಬೇಕಿತ್ತೇ.

೩೦ ಸೆಪ್ಟೆಂಬರ್, ಬುಧವಾರ

ಮಳೆ ನಿಂತಿಲ್ಲ. ಕರೆಂಟಿಲ್ಲ, ಗಿರಣಿ ಬಂದ್. ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲು ಕಾಣುತ್ತಿತ್ತು, ಮಧ್ಯಾಹ್ನಕ್ಕೆ ಅದೂ ಮುಳುಗಿತು. ಹಳ್ಳದಲ್ಲಿ ಬಾಳೆಗಿಡ, ಬಣವೆಯ ಮೇವು, ಯಾರದೋ ಕೋಳಿಗೂಡು ತೇಲಿ ಹೋಗುತ್ತಿವೆ. ನೀರಿನ ಸದ್ದಿಗೆ ಒಳಗೆ ಕೂತು ಮಾತಾಡಲೂ ಕಿರುಚಬೇಕಾಗಿದೆ.

ಆಚೆ ಮನೆಯಲ್ಲಿ ಹೊಗೆ ಏಳುತ್ತಿತ್ತು. ಅವಳ ಗಂಡ ಬುಡನಸಾಬಣ್ಣ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲ. ಮೆಣಸಿನಕಾಯಿ ಚೀಲಕ್ಕೆ ತಾಡಪತ್ರಿ ಹೊದಿಸಬೇಕೆಂದು ಇವತ್ತು ಬೆಳಿಗ್ಗೆ ಹೋದವನು ಅಲ್ಲೇ ಉಳಿದಿದ್ದಾನಂತೆ. ಅವಳೊಬ್ಬಳೇ. ಇದ್ದರೆ ಇರಲಿ, ಅವಳ ಬಾಯಿಗೆ ಹಳ್ಳವೂ ಹೆದರುತ್ತದೆ.

೨ ಅಕ್ಟೋಬರ್, ಶುಕ್ರವಾರ

ಲಕ್ಕಪ್ಪನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅತ್ತೆಯ ಅಣ್ಣನ ಮಗ. ಅವನ ಮನೆ ಊರ ಎತ್ತರದ ಓಣಿಯಲ್ಲಿದೆ.

ನಮ್ಮ ಹಿತ್ತಲ ಕೋಣೆ ಹಳ್ಳಕ್ಕೆ ಹೋಯಿತು. ಗೋಡೆ ಬಿತ್ತು ಎಂದಲ್ಲ, ಕೋಣೆಯೇ ಇಲ್ಲ. ಅತ್ತೆ ಮತ್ತು ಶ್ವೇತಾ ಮಲಗುವ ಕೋಣೆ. ಬೆಳಿಗ್ಗೆ ಹೋಗಿ ನೋಡಿದರೆ ಒಳಬಾಗಿಲು ತೆರೆದು ನೇರ ನೀರಿಗೆ ಇಳಿಯಬಹುದಿತ್ತು. ಇವರು ಅಲ್ಲೇ ಕೆಸರಲ್ಲಿ ಕುಕ್ಕರಿಸಿದರು. ನನಗೆ ಅಳುವೂ ಬರಲಿಲ್ಲ, ಆ ಬಾಗಿಲನ್ನು ಎಳೆದು ಚಿಲಕ ಹಾಕಿದೆ.

ನಿನ್ನೆ ನಾವು ಅಲ್ಲಿ ಮಲಗದೆ ಹೋದದ್ದು ಹೇಗೆಂದು ಬರೆಯಬೇಕು. ನಿನ್ನೆ ಹೊತ್ತು ಮುಳುಗುವಾಗ ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಮಳೆ ತುಸು ಇಳಿದಿತ್ತು, ಗಾಳಿ ಇತ್ತು. ಹಿತ್ತಲ ಕಡೆಯಿಂದ ಯಾರೋ ಕರೆದರು.

"ಪ್ರೇಮವ್ವಾ."

ಒಂದೇ ಸಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ರಟ್ಟೆ ಹಿಡಿದರು.

"ಓ ಅನಬ್ಯಾಡ. ಮುಚ್ಚಂಜಿ ಹೊತ್ತು."

ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಹೆಸರು ಹಿಡಿದು ಕರೆದರೆ ಮೂರು ಸಲ ಕರೆಯುವವರೆಗೆ ಓ ಅನ್ನಬಾರದು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ದೆವ್ವಕ್ಕೆ ಒಂದೇ ಸಲ ಕರೆಯಲು ಬರುವುದು, ಓ ಅಂದವರನ್ನು ಅದು ಕರೆದುಕೊಂಡು ಹೋಗುತ್ತದೆ. ತವರಿನಲ್ಲೂ ಇದನ್ನೇ ಕೇಳಿ ಬೆಳೆದವಳು ನಾನು. ಕಾದೆವು. ಎರಡನೇ ಸಲ ಕರೆಯಲಿಲ್ಲ.

ಅತ್ತೆಯ ಮುಖ ಬಿಳಿಚಿಕೊಂಡಿತು. "ಹಳ್ಳದಾಗಿಂದ ಹೆಸರ ಹಿಡದ ಕರದೈತಿ. ಇವತ್ತ ಈ ಮನ್ಯಾಗ ಯಾರೂ ಮಲಗೂದು ಬ್ಯಾಡ. ಏಳ್ರಿ," ಎಂದರು. ಇವರು ನಕ್ಕರು. ಅತ್ತೆ ಸೆರಗು ತಲೆಗೆ ಹಾಕಿಕೊಂಡು ಮಳೆಯಲ್ಲಿ ಹೊರಟೇ ಬಿಟ್ಟರು. ಆ ಹೆಂಗಸನ್ನು ಒಬ್ಬರನ್ನೇ ಬಿಡಲಾಗದೆ ಒಂದು ಗಂಟು ಕಟ್ಟಿಕೊಂಡು ನಾವೂ ಹಿಂದೆ ನಡೆದೆವು.

"ದೆವ್ವ ಕರದದ್ದ ಛಲೋ ಆತು ನೋಡಬೇ ಅತ್ತಿ," ಎಂದ ಲಕ್ಕಪ್ಪ ಇವತ್ತು ಬೆಳಿಗ್ಗೆ. ಎಲ್ಲರೂ ನಕ್ಕರು. ಶ್ವೇತಾ ನಗಲಿಲ್ಲ.

೩ ಅಕ್ಟೋಬರ್, ಶನಿವಾರ

ನೀರು ಇಳಿಯುತ್ತಿದೆ. ಗಿರಣಿಯಲ್ಲಿ ಮೊಣಕಾಲುದ್ದ ಕೆಸರು. ಮೋಟರು ಎತ್ತರದ ಕಟ್ಟೆಯ ಮೇಲಿದ್ದದ್ದಕ್ಕೆ ಉಳಿಯಿತು. ಕೆಸರು ಬಾಚುತ್ತಿದ್ದಾಗ ಬಾಗಿಲಲ್ಲಿ ಬುಡನಸಾಬಣ್ಣ ನಿಂತಿದ್ದ. ರಸ್ತೆ ಬಿಟ್ಟದ್ದೇ ಬ್ಯಾಡಗಿಯಿಂದ ನಡೆದು ಬಂದಿದ್ದಾನೆ. ಮೀಸೆಯವರೆಗೆ ಕೆಸರು.

"ಪ್ರೇಮವ್ವಾ, ನಮ್ಮಾಕಿ ನಿಮ್ಮ ಕಡೆ ಬಂದಾಳೇನವಾ?"

"ಇಲ್ಲರಿ ಅಣ್ಣಾ. ಯಾಕ್ರಿ?"

"ಮನ್ಯಾಗಿಲ್ಲ. ಬಾಗಲಾ ಚಿಲಕ ಹಾಕೇತಿ. ಮನಿಗೆ ನೀರೂ ಹೊಕ್ಕಿಲ್ಲ. ಆಡು ಒಯ್ದು ದಿಬ್ಬದ ಮ್ಯಾಲ ಜಾಲಿಗಿಡಕ್ಕ ಕಟ್ಟ್ಯಾಳ, ಎರಡ ದಿನಕ್ಕ ಆಗೂವಷ್ಟ ಸೊಪ್ಪ ಹಾಕ್ಯಾಳ. ದೂರ ಹೋಗಾಕಂತನ ತಯಾರಿ ಮಾಡ್ಯಾಳ ಅನಸ್ತೈತಿ. ಮೇಡ್ಲೇರ್ಯಾಗ ಆಕಿ ಅಕ್ಕ ಅದಾಳಲ್ಲ." ಮೀಸೆಯ ಕೆಸರು ಒರೆಸಿಕೊಂಡು ಹೇಳಿದ. "ಬುಧವಾರ ಮುಂಜಾನೆ ಬಾಯಿಗೆ ಬಂದಂಗ ಬೈದ ಹೋಗಿದ್ದೆ ನಾ. ಸಿಟ್ಟಿನ ಹೆಣ್ಣಮಗಳು."

ನಾನು ಸಲಿಕೆ ಹಿಡಿದು ನಿಂತಿದ್ದೆ.

"ಏನರ ಕೂಗಿದ್ದು ಕರದದ್ದು ಕೇಳೀತೇನ ನಿಮಗ?"

"ಇಲ್ಲರಿ."

ಬೇರೆ ಏನು ಹೇಳಬೇಕಿತ್ತು? ದೆವ್ವ ಕರೆಯಿತು, ನಾವು ಗಂಟು ಕಟ್ಟಿಕೊಂಡು ಓಡಿದೆವು ಅಂತಲೇ? ಆ ಸದ್ದು ಗಾಳಿಯದು. ಗಾಳಿಗೆ ಜಾಲಿಕಂಟಿ ಏನೇನೋ ದನಿ ಮಾಡುತ್ತದೆ. ಶ್ವೇತಾ ಕೆಸರಿನ ಬುಟ್ಟಿ ಹೊತ್ತವಳು ಅಲ್ಲೇ ನಿಂತು ನನ್ನ ಮುಖ ನೋಡಿದಳು. ಕೆಲಸ ನೋಡು ಎಂದು ಗದರಿದೆ.

೪ ಅಕ್ಟೋಬರ್, ರವಿವಾರ

ಸೀಗಿ ಹುಣ್ಣಿಮೆ. ನಿನ್ನೆ ರಾತ್ರಿ ನಮ್ಮ ಮನೆಗೇ ಮರಳಿ ಉಳಿದ ಕೋಣೆಗಳಲ್ಲಿ ಮಲಗಿದೆವು. ಹೊಲಗಳಲ್ಲಿ ನೀರು ನಿಂತಿದೆ, ಜನ ಬದುವಿನ ಮೇಲೆ ನಿಂತೇ ಭೂತಾಯಿಗೆ ಎಡೆಯ ಚರಗ ಚೆಲ್ಲಿದರು. ದೂರದಲ್ಲಿ ಯಾರೋ ಚರಗದ ಕೂಗು ಹಾಕಿದ್ದಕ್ಕೆ ನಾನು ರೊಟ್ಟಿ ಒಲೆ ಮೇಲೆ ಬಿಟ್ಟು ಹಿತ್ತಲಿಗೆ ಓಡಿದೆ. ರೊಟ್ಟಿ ಸುಟ್ಟು ಕರಕಲಾಯಿತು.

೬ ಅಕ್ಟೋಬರ್, ಮಂಗಳವಾರ

ಕರೆಂಟು ಬಂತು. ಗಿರಣಿ ಸುರು.

ಊರ ಹುಡುಗರು ಸೇತುವೆಯಿಂದ ಕೆಳಗೆ ಹಳ್ಳದ ಎರಡೂ ದಂಡೆ ಹುಡುಕುತ್ತಿದ್ದಾರೆ. ಬಸ್ಸು ಹಿಡಿಯಬೇಕೆಂದರೆ ಸೇತುವೆ ದಾಟಲೇಬೇಕು. ಜಾರಿದ್ದರೆ ಅಲ್ಲೇ ಜಾರಿರಬೇಕು ಎಂಬ ಲೆಕ್ಕ. ಬುಡನಸಾಬಣ್ಣ ಅವರ ಜೊತೆ ಇಳಿಯುವುದಿಲ್ಲ. ಅವಳು ನೀರಿಗೆ ಬೀಳುವವಳಲ್ಲ, ಮೇಡ್ಲೇರಿಯಲ್ಲಿ ಸಿಟ್ಟು ಮಾಡಿಕೊಂಡು ಕೂತಿದ್ದಾಳೆ ಅನ್ನುತ್ತಾನೆ. ರಾಣೆಬೆನ್ನೂರಿಗೆ ಬಸ್ಸು ಬಿಟ್ಟಿದೆ ಎಂದು ಕೇಳಿದ್ದೇ ಹೊರಟ. ಹೋಗುವ ಮೊದಲು ಆಡುಗಳನ್ನು ಹೊಡೆದುಕೊಂಡು ಬಂದ.

"ನಾ ಬರೂತನಾ ಇವನ್ನ ಇಲ್ಲಿ ಕಟ್ಟಲೇನವಾ? ಬ್ಯಾರೆ ಯಾರ್ನ ಕೇಳಲಿ."

ಹೌದಪ್ಪ, ಊರಲ್ಲಿ ಆಡು ಕಟ್ಟಲು ನನ್ನ ಮನೆಯೊಂದೇ ಸಿಕ್ಕಿತು. ನಾಲ್ಕು ಆಡು. ಅದರಲ್ಲಿ ನಾನು ದೊಡ್ಡಿಗೆ ಹಾಕಿಸಿದ ಕರಿಯದೂ ಇದೆ. ಬಂದದ್ದೇ ನನ್ನ ಸೀರೆ ಸೆರಗು ಬಾಯಿಗೆ ಹಾಕಿ ಜಗ್ಗಿತು. ಆ ಗಬ್ಬು ವಾಸನೆ, ಆ ಹಿಕ್ಕೆ, ಗಿರಣಿಗೆ ಬಂದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ಹುಣಸೆ ಸೊಪ್ಪು ತಿನ್ನಲಿಲ್ಲ. ಚೊಗಚೆ ಸೊಪ್ಪು ತರಿಸಿ ಹಾಕಿದೆ. ಮಳೆ ಹನಿ ಬಿದ್ದದ್ದಕ್ಕೆ ಚೀಲ ಹೊದಿಸಿದೆ. ಸತ್ತರೆ ಅದಕ್ಕೂ ನನ್ನನ್ನೇ ಅನ್ನುತ್ತಾಳೆ.

೮ ಅಕ್ಟೋಬರ್, ಗುರುವಾರ

ಮೇಡ್ಲೇರಿಯಲ್ಲಿ ಅವಳಿಲ್ಲ. ರಾಣೆಬೆನ್ನೂರಿನಲ್ಲಿ ಮಗಳು ಅಲ್ಮಾಸಳ ಮನೆಯಲ್ಲೂ ಇಲ್ಲ. ಬುಡನಸಾಬಣ್ಣ ಬಂದು ಕಟ್ಟೆಯ ಮೇಲೆ ಕೂತು ಇದನ್ನು ಹೇಳಿದ. ಚಹಾ ಕೊಟ್ಟೆ, ಕುಡಿಯಲಿಲ್ಲ. ನಾಳೆ ಹಾವೇರಿಗೆ ಹೋಗುತ್ತಾನಂತೆ, ಅಲ್ಲಿ ದೂರದ ಸಂಬಂಧದವರು ಇದ್ದಾರೆ.

"ಸಿಕ್ಕರ ಮೊದಲ ಆಕಿ ಕಾಲ ಹಿಡೀತೇನಿ," ಎಂದ. "ಹಂಗ ಬೈಬಾರದಿತ್ತು ನಾ."

ಸಂಜೆ ಮತ್ತೆ ಕೇಳಿತು. ದಿನವೂ ಕೇಳುತ್ತದೆ, ನಾನು ಬರೆಯುತ್ತಿಲ್ಲ ಅಷ್ಟೆ. ದೀಪ ಹಚ್ಚುವ ಹೊತ್ತಿಗೆ, ಕೋಣೆ ಇಲ್ಲದ ಆ ಕಡೆಯಿಂದ, ಒಂದೇ ಸಲ. ನಾನು ಕೈಯಲ್ಲಿದ್ದದ್ದನ್ನು ಹಿಡಿದೇ ಎರಡನೆಯದಕ್ಕೆ ಕಾಯುತ್ತೇನೆ. ಬೇರೆ ಯಾರಿಗೂ ಕೇಳುವುದಿಲ್ಲವಂತೆ. ಇವತ್ತು ಕಾಯಲಾಗದೆ ಗಿರಣಿ ಸುರು ಮಾಡಿದೆ. ಬುಟ್ಟಿಯಲ್ಲಿ ಒಂದು ಕಾಳೂ ಇರಲಿಲ್ಲ. ಕಲ್ಲಿಗೆ ಕಲ್ಲು ತಿಕ್ಕಿ ಸುಟ್ಟ ವಾಸನೆ ಬಂತು. ಇವರು ಓಡಿ ಬಂದು ಬಟನ್ ಆರಿಸಿದರು.

"ತಲಿ ನೆಟ್ಟಗೈತೇನ ನಿಂದು? ಖಾಲಿ ಗಿರಣಿ ಓಡಿಸಿದ್ರ ಕಲ್ಲ ಉಳೀತಾವೇನ?"

ಅತ್ತೆ ಗಾಳಿ ಸೋಕಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ದೊಡ್ಡದೇ ಹಿಡಿದಿದೆ ಎಂದು ಗಾಬರಿಯಾದರು. ಬ್ಯಾಡಗಿ ಮೆಣಸಿನಕಾಯಿಗೆ ಘಾಟು ಎಲ್ಲಿಂದ ಬರಬೇಕು? ಇಡೀ ದೇಶಕ್ಕೆ ಬಣ್ಣಕ್ಕಂತ ಮಾರುವ ಕಾಯಿ ಅದು. ಗುಂಟೂರಿನ ಕಾಯಿ ಹಾಕಿರಿ ಎಂದೆ. ನಗಬೇಕೆಂದು ಹೇಳಿದ್ದು, ಯಾರೂ ನಗಲಿಲ್ಲ.

೧೦ ಅಕ್ಟೋಬರ್, ಶನಿವಾರ

ಇವತ್ತು ಶ್ವೇತಾಳನ್ನು ಹೊಡೆದೆ. ಹದಿನಾರು ತುಂಬಿದ ಮಗಳನ್ನು.

ಆಡಿಗೆ ನೀರಿಡುತ್ತಿದ್ದೆ. ಹಿಂದಿನಿಂದ ಬಂದು ನಿಂತಳು.

"ಅವ್ವಾ, ಅವತ್ತ ಕರದದ್ದು ಕಾಕು ದನಿ. ನನಗ ಗೊತ್ತಾತು. ನಿನಗೂ ಗೊತ್ತೈತಿ."

"ಗೊತ್ತಿದ್ರ ಅವತ್ತ ಯಾಕ ಹೇಳಲಿಲ್ಲ?"

"ನೀ ಓ ಅಂತಿ ಅಂತ ಕಾದೆ."

ಕೈ ಎತ್ತಿದ್ದು ಗೊತ್ತೇ ಆಗಲಿಲ್ಲ. ಅವಳು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು, "ಬುಡನಸಾಬ ಕಾಕಾ ಊರೂರು ತಿರಗಾಕತ್ತಾನ ಅವ್ವಾ. ನೀ ಹೇಳ್ತಿಯೋ, ನಾ ಹೇಳಲ್ಯೋ?" ಎಂದಳು.

ಅವಳು ಹೋದ ಮೇಲೆ ಆಡಿನ ಪಕ್ಕ ಕೂತೆ. ಇಲ್ಲಿ ಯಾರಿಗೆ ಸುಳ್ಳು ಹೇಳಬೇಕು? ನನಗೆ ಆಗಲೇ ಗೊತ್ತಿತ್ತು. ಹದಿನೆಂಟು ವರ್ಷ ದಿನಾ ಕೇಳಿದ ದನಿ. ಮದುವೆಯಾಗಿ ಬಂದ ಹೊಸತರಲ್ಲಿ ಈ ಹಳ್ಳದ ದಂಡೆಯಲ್ಲಿ ನನ್ನೊಡನೆ ಮೊದಲು ಮಾತಾಡಿದವಳೇ ಬಿಸ್ಮಿಲ್ಲಾ. ಶ್ವೇತಾ ಹುಟ್ಟುವಾಗ ಆಸ್ಪತ್ರೆಯ ದಾರಿಯುದ್ದ ಚಕ್ಕಡಿಯಲ್ಲಿ ನನ್ನ ಸೊಂಟ ಹಿಡಿದು ಕೂತವಳು. ಆ ದನಿಯನ್ನು ಗಾಳಿ ಅಂದೆ.

ಅತ್ತೆ ರಟ್ಟೆ ಹಿಡಿದದ್ದು ನಿಜ. ಅವರ ಹಿಡಿತದಲ್ಲಿ ಎಷ್ಟು ಬಲವಿದ್ದೀತು? ನಾನು ಬಿಡಿಸಿಕೊಳ್ಳಲು ನೋಡಲೇ ಇಲ್ಲ. ಇನ್ನೊಮ್ಮೆ ಕರೆಯಲಿ, ಗರಜು ಅವಳದು ಅಂದುಕೊಂಡೆ. ಕರೆಸಿ ಕರೆಸಿ ಆಮೇಲೆ ಓ ಅನ್ನಬೇಕು ಅಂದುಕೊಂಡೆ. ಒಳಗೊಳಗೆ ಖುಷಿಯೂ ಆಗಿತ್ತು. ದೆವ್ವದ ಮಾತು ಅತ್ತೆಯದು. ನನ್ನದು ಇದು.

ನೀರು ಏರುವ ಮೊದಲು ಆ ಕಂಬ ಅಲ್ಲಿದ್ದಿದ್ದರೆ ಅವಳು ಯಾವಾಗಲೋ ದಾಟಿ ಬಂದು ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಅದನ್ನು ತೆಗೆಸಿದವಳೂ ನಾನೇ.

೧೧ ಅಕ್ಟೋಬರ್, ರವಿವಾರ

ಹೇಳಿದೆ.

ಬುಡನಸಾಬಣ್ಣ ಹಾವೇರಿಯಿಂದ ಬಂದು ಆಡು ಬಿಚ್ಚುತ್ತಿದ್ದ. ಅಣ್ಣಾ ಕುಂದರ್ರಿ ಎಂದೆ. ನಿಂತೇ ಕೇಳಿದ. ಗುರುವಾರ ಮುಚ್ಚಂಜಿಗೆ ಬಿಸ್ಮಿಲ್ಲಾ ನಮ್ಮ ಎದುರು ದಂಡೆಯಿಂದ ನನ್ನನ್ನು ಕರೆದಳು, ನಾನು ಓ ಅನ್ನಲಿಲ್ಲ, ನಿಮಗೆ ಕೇಳಿಲ್ಲ ಅಂತ ಸುಳ್ಳು ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಗುರುವಾರ ಮುಚ್ಚಂಜಿಗೆ," ಎಂದ. "ಅಂದ್ರ ಮೇಡ್ಲೇರಿಗೆ ಹೋಗಿದ್ದಿಲ್ಲ ಆಕಿ."

"ಇಲ್ಲರಿ."

"ನನ್ನ ಮ್ಯಾಲ ಸಿಟ್ಟಾಗಿ ಹೋಗಿದ್ದಿಲ್ಲ."

"ಇಲ್ಲರಿ ಅಣ್ಣಾ."

"ಎಲ್ಲಿಂದ ಬಂತು ದನಿ?"

ಹಿತ್ತಲಿಗೆ ಕರೆದೊಯ್ದು ತೋರಿಸಿದೆ. ಬಿದ್ದ ಕೋಣೆಯ ಎದುರಿಗೆ, ಆಚೆ. ಅಲ್ಲಿನ ದಂಡೆಯೂ ಕುಸಿದು ಬಿದ್ದಿತ್ತು. ಊರವರು ಹುಡುಕಿದ್ದೆಲ್ಲ ಸೇತುವೆಯಿಂದ ಕೆಳಗೆ. ನಮ್ಮ ಗಿರಣಿಯಿಂದ ಸೇತುವೆಯವರೆಗೆ ಹಳ್ಳದಲ್ಲಿ ಯಾರೂ ಇಳಿದಿರಲಿಲ್ಲ. ಅವನು ಚಪ್ಪಲಿ ಕಳಚಿ ನಮ್ಮ ಹಿತ್ತಲಿನಿಂದಲೇ ಕೆಸರಿಗೆ ಇಳಿದ. ಇವರೂ ಲಕ್ಕಪ್ಪನೂ ಸಲಿಕೆ ಹಿಡಿದು ಹಿಂದೆ ಹೋದರು.

೧೨ ಅಕ್ಟೋಬರ್, ಸೋಮವಾರ

ಸಿಕ್ಕಳು. ಗಿರಣಿಯ ಕೆಳಗಿನ ತಿರುವಿನಲ್ಲಿ, ಬುಡಮೇಲಾದ ಜಾಲಿಗಿಡದ ಅಡಿ, ಮರಳಿನಲ್ಲಿ. ನಮ್ಮ ಬಾಗಿಲಿನಿಂದ ಕಾಣುವ ಜಾಗ. ಇಷ್ಟು ದಿನ ಅಲ್ಲೇ ಇದ್ದಳು, ನಾನು ಇಲ್ಲಿ ರೊಟ್ಟಿ ಬಡಿದು ಉಣ್ಣುತ್ತಿದ್ದೆ.

ಮಧ್ಯಾಹ್ನ ಮಣ್ಣು ಮಾಡಿದರು.

೧೩ ಅಕ್ಟೋಬರ್, ಮಂಗಳವಾರ

ಮುಚ್ಚಂಜಿಗೆ ಹಿತ್ತಲ ಬಾಗಿಲಲ್ಲಿ ಕೂತಿದ್ದೆ. ಕರೆಯಲಿಲ್ಲ. ಕತ್ತಲಾಗುವವರೆಗೆ ಕೂತೆ.

೧೪ ಅಕ್ಟೋಬರ್, ಬುಧವಾರ

ಮಣ್ಣಾದ ಮೂರನೆಯ ದಿನದ ಪ್ರಾರ್ಥನೆ, ಜಿಯಾರತ್. ಸೇತುವೆ ಸುತ್ತಿಕೊಂಡು ಹೋದೆ. ಶ್ವೇತಾ ತಾನೂ ಬರುತ್ತೇನೆಂದು ಬಂದಳು. ಮೊನ್ನೆಯಿಂದ ನನ್ನೊಡನೆ ಮಾತಾಡಿಲ್ಲ, ದಾರಿಯಲ್ಲಿ ಕೆಸರು ಬಂದಲ್ಲಿ ಮಾತ್ರ ನನ್ನ ಕೈ ಹಿಡಿದಳು.

ಹೆಂಗಸರ ನಡುವೆ ಅಲ್ಮಾಸ ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ತಿರುಗಿಸಲಿ. ಪಾತ್ರೆ ತೊಳೆಯುವ ಕಡೆ ಹೋಗಿ ಕೂತು ಬಂದದ್ದನ್ನೆಲ್ಲ ತೊಳೆದೆ. ಮಂದಿ ಕರಗಿದ ಮೇಲೆ ಬುಡನಸಾಬಣ್ಣ ಬಂದ.

"ಪ್ರೇಮವ್ವಾ, ಬಾ ಇಲ್ಲೆ. ನನಗ ಒಂದ ತಿಳೀವಲ್ದು."

ಮನೆಯ ಹಿಂದಿನ ದಿಬ್ಬ ಹತ್ತಿಸಿದ. ಆಡು ಕಟ್ಟಿದ್ದ ಜಾಲಿಗಿಡದ ಹತ್ತಿರ ನಿಲ್ಲಿಸಿದ. ಹಗ್ಗ ಇನ್ನೂ ಅಲ್ಲೇ ಇತ್ತು.

"ಮನಿಗೆ ನೀರ ಬಂದಿದ್ದಿಲ್ಲ. ಆದ್ರೂ ಬರಬಹುದು ಅಂತ ಆಡು ಇಲ್ಲಿ ತಂದ ಕಟ್ಟಿದ್ಲು. ತಾನೂ ಇಲ್ಲೇ ಇದ್ದಿದ್ರ ಏನೂ ಆಗತಿದ್ದಿಲ್ಲ. ಮುಚ್ಚಂಜ್ಯಾಗ, ಅಂಥಾ ನೀರಾಗ, ಕೆಳಗ ದಂಡೀಗೆ ಯಾಕ ಇಳದ್ಲು? ಸಹಾಯ ಬೇಕಾಗಿ ಕರದ್ಲು ಅಂದ್ರ, ಆಕಿಗೆ ಯಾತರ ಸಹಾಯ ಬೇಕಾಗಿತ್ತು?"

ನಾನು ಆ ಗಿಡದ ಬುಡದಲ್ಲಿ ನಿಂತು ಹಳ್ಳದ ಕಡೆ ನೋಡಿದೆ. ಹದಿನೆಂಟು ವರ್ಷ ಈ ಕಡೆ ಬಂದು ಹೋಗಿದ್ದೇನೆ, ಇಲ್ಲಿ ನಿಂತು ನಮ್ಮ ಮನೆಯನ್ನು ನೋಡಿದ ನೆನಪಿಲ್ಲ. ಎದುರಿಗೆ ನಮ್ಮ ಹಿತ್ತಲು. ಕೋಣೆ ಇದ್ದ ಜಾಗದ ಕೆಳಗೆ ದಂಡೆ ಒಳಕ್ಕೆ ಕೊರೆದು ಹೋಗಿತ್ತು. ಉಳಿದ ಮನೆಯ ಅರ್ಧ ಅಡಿಪಾಯವೂ ಗವಿಯ ಮೇಲೆ ಇಟ್ಟ ಹಾಗಿತ್ತು. ನಾವು ಅದರ ಮೇಲೆಯೇ ಓಡಾಡುತ್ತಿದ್ದೆವು, ನಮಗೆ ಕಾಣುವಂತಿರಲಿಲ್ಲ. ಇಲ್ಲಿಂದ ಎಲ್ಲ ಕಾಣುತ್ತಿತ್ತು. ಅವತ್ತು ಮಣ್ಣು ಹೆಂಟೆ ಹೆಂಟೆಯಾಗಿ ಬೀಳುವುದು ಅವಳಿಗೆ ಕಂಡಿರಬೇಕು. ಆ ಕೋಣೆಯಲ್ಲಿ ಯಾರು ಮಲಗುತ್ತಾರೆಂಬುದು ಅವಳಿಗೆ ಗೊತ್ತಿತ್ತು.

ಇಲ್ಲಿಂದ ಕೂಗಿದರೆ ಆ ನೀರಿನ ಸದ್ದಿನಲ್ಲಿ ನಮಗೆ ಮುಟ್ಟುತ್ತಿರಲಿಲ್ಲ. ಅದಕ್ಕೇ ದಂಡೆಗೆ ಇಳಿದಿದ್ದಾಳೆ. ಒಂದು ಸಲ ಕರೆದಿದ್ದಾಳೆ. ಮತ್ತೆ ಕರೆಯಲು ಅವಳು ನಿಂತ ನೆಲ ಉಳಿಯಲಿಲ್ಲ.

ಅಲ್ಲೇ ಕೂತೆ. ಶ್ವೇತಾ ಕೆಳಗೆ ಅಂಗಳದಲ್ಲಿ ಕರಿ ಆಡಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಅವಳನ್ನು ನೋಡಿದೆ, ಬಿದ್ದ ಕೋಣೆಯನ್ನು ನೋಡಿದೆ. ದೊಡ್ಡ ದನಿಯಲ್ಲಿ ಅಳು ಬಂತು, ತಡೆಯಲಾಗಲಿಲ್ಲ.

"ಅಣ್ಣಾ, ಆಕಿ ಸಹಾಯ ಕೇಳಲಿಲ್ಲರಿ," ಎಂದೆ. "ನಮ್ಮ ಮನಿ ಬೀಳ್ತೈತಿ ಅಂತ ಹೇಳಾಕ ಬಂದಿದ್ಲು."

ಅವನು ನಾನು ತೋರಿಸಿದ ಕಡೆ ಬಹಳ ಹೊತ್ತು ನೋಡಿದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ನನ್ನ ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು ಕೂತ.

"ಬುಧವಾರ ಮುಂಜಾನೆ ಯಾಕ ಬೈದೆ ಅಂತ ನಿನಗ ಹೇಳಿಲ್ಲ ನಾ," ಎಂದ. "ನಿನ್ನ ಸಲವಾಗಿನ ಬೈದಿದ್ದೆ. ಮಳಿ ಜೋರೈತಿ, ಒಬ್ಬಾಕಿನ ಇರ್ತಿ, ಹೋಗಿ ಪ್ರೇಮವ್ವನ್ನ ಮಾತಾಡಸು, ಆಡಿನ ಜಗಳ ಎಷ್ಟ ದಿವಸ ಹಿಡಕೊಂಡ ಕುಂದರ್ತಿ ಅಂದೆ. ಆಕಿ ಒಪ್ಪಲಿಲ್ಲ. 'ನಾ ಸತ್ರೂ ಮೊದಲ ಬಾಯಿ ತೆರಿಯಂಗಿಲ್ಲ, ಬೇಕಾದ್ರ ಆಕಿನ ನನ್ನ ಕರೀಲಿ' ಅಂದ್ಲು."

ಕೆಳಗೆ ಶ್ವೇತಾ ಕತ್ತೆತ್ತಿ ನಮ್ಮ ಕಡೆ ನೋಡಿದಳು.

"ಕಡೀಕ ಆಕಿನ ಮೊದಲ ನಿನ್ನ ಕರದ್ಲಲ್ಲವಾ," ಎಂದ ಬುಡನಸಾಬಣ್ಣ. ಅದರಲ್ಲಿ ಅವನಿಗೆ ಏನೋ ಸಮಾಧಾನ ಸಿಕ್ಕಿತ್ತು.

ನಾನು ಹೂಂ ಎಂದೆ.